ಡ್ರೈವರಣ್ಣನ ಬೆನ್ನ ಹಿಂದೆ

ಆ ಭಾನುವಾರ ಕಾಲುವೆಯಲ್ಲಿ ನೀರಿರಲಿಲ್ಲ. ಅದಕ್ಕೆ ಮುಂಚಿನ ಯಾವ ಭಾನುವಾರವೂ ಇರಲಿಲ್ಲ. ಸಿದ್ದಾಪುರದ ಈಚೆ ಡಾಮರು ರಸ್ತೆ ಬಿಟ್ಟು ಕಾಲುವೆಯ ದಂಡೆಗೆ ಸೈಕಲ್ ಇಳಿಸಿದಾಗ ಬೆಳಿಗ್ಗೆ ಏಳು ಗಂಟೆ ಆಗಿದ್ದಿರಬಹುದು. ಕಾಂಕ್ರೀಟಿನ ಇಳಿಜಾರಿನಲ್ಲಿ ಯಾರೋ ರಬ್ಬರ್ ಶೀಟ್ ಒಣಹಾಕಿದ್ದರು. ತಳದಲ್ಲಿ ಸಾಗುವಾನಿಯ ಒಣ ಎಲೆ ಗುಡ್ಡೆಯಾಗಿ ಬಿದ್ದಿತ್ತು. ಒಂದು ನಾಯಿ ಅದರ ಮೇಲೆ ಮಲಗಿತ್ತು, ತಲೆ ಎತ್ತಿ ನಮ್ಮನ್ನು ನೋಡಿ ಮತ್ತೆ ಮಲಗಿತು.

"ಬಪ್ಪ್ ವಾರ ನೀರ್ ಬಿಡ್ತ್ರಂಬ್ರ್ ಅಣ್ಣ," ಎಂದೆ.

"ಹೋದ್ ವರ್ಷವೂ ಹಾಂಗೇ ಹೇಳಿರ್," ಎಂದರು ಡ್ರೈವರಣ್ಣ ಮುಂದಿನಿಂದ. "ನೀರ್ ಬಂದ್ರೆ ಆ ನಾಯಿ ಎಲ್ಲ್ ಮಲ್ಕಂತ್ತ್?"

ಅಷ್ಟೇ ಮಾತು. ಕಾಲುವೆಯ ತೂಬಿನ ಹತ್ತಿರದ ಚಾದಂಗಡಿಯವರೆಗೆ ತುಳಿದೆವು. ಚಾ ಕುಡಿದು ಬಂದ ದಾರಿಯಲ್ಲೇ ತಿರುಗಿದೆವು. ಅವರ ಮನೆಯ ಗೇಟಿನ ಹತ್ತಿರ ಅವರು ಎಡಗೈ ಸ್ವಲ್ಪ ಎತ್ತಿದರು. ನಾನು ಇಳಿಜಾರಿನಲ್ಲಿ ಅಂಪಾರಿನ ಕಡೆಗೆ ಹೋದೆ. ಹೀಗೆ ಮೂರು ವರ್ಷ ನಡೆದಿತ್ತು. ಇನ್ನೂ ಹತ್ತು ವರ್ಷ ನಡೆಯುತ್ತದೆ ಎಂದೇ ನಾನು ತಿಳಿದಿದ್ದೆ.

ಅವರ ಮುಖ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಕಷ್ಟವಾಗುತ್ತದೆ. ಬೆನ್ನು ಮಾತ್ರ ಚೆನ್ನಾಗಿ ಗೊತ್ತು. ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗೆ. ಕುತ್ತಿಗೆಯ ಹಿಂದೆ ಸಣ್ಣಕ್ಕೆ ಮಡಿಸಿದ ಕರ್ಚೀಫು. ಕಾಲರಿನ ಕೆಳಗೆ ಬೆವರು ಮೊದಲು ಮೂಡುವ ಜಾಗ, ಅದು ದೊಡ್ಡದಾಗುತ್ತಾ ಹೋಗುವ ರೀತಿ. ಕುಂದಾಪುರದಿಂದ ಸಿದ್ದಾಪುರಕ್ಕೆ ಓಡಾಡುತ್ತಿದ್ದ ಒಂದು ಖಾಸಗಿ ಬಸ್ಸಿಗೆ ಅವರು ಡ್ರೈವರ್, ನಾನು ಕಂಡಕ್ಟರ್. 1997ರಲ್ಲಿ ನಾನು ಕೆಲಸಕ್ಕೆ ಸೇರಿದ ದಿನದಿಂದ ಅವರು ಕೆಲಸ ಬಿಡುವವರೆಗೂ ನಾನು ನೋಡಿದ್ದು ಆ ಬೆನ್ನನ್ನೇ. ಆಮೇಲೆ ಸೈಕಲ್ ಮೇಲೆಯೂ ಅದನ್ನೇ.

ಸೇರಿದ ಮೊದಲ ದಿನ ಬಸ್ರೂರು ದಾಟುವಾಗ ಒಂದು ದನ ಅಡ್ಡ ಬಂತು. ಬ್ರೇಕ್ ಬಿತ್ತು. ನಾನು ಜನರ ಕಾಲ ಮೇಲೆಲ್ಲ ಬಿದ್ದು ಡ್ರೈವರ್ ಸೀಟಿನ ಹಿಂದಿನ ಕಂಬಿಯವರೆಗೆ ಬಂದು ನಿಂತೆ. ಅವರು ತಿರುಗಿ ನೋಡಲಿಲ್ಲ.

"ಮಾಣಿ, ನಮಸ್ಕಾರ ನಾಳೆ ಮಾಡ್ಲಕ್. ಇವತ್ತ್ ಕಂಬಿ ಹಿಡ್ಕೋ," ಎಂದರು.

ಇಡೀ ಬಸ್ಸು ನಕ್ಕಿತು. ನನಗೆ ಅಳು ಬಂದಿತ್ತು. ಮಧ್ಯಾಹ್ನ ಸಿದ್ದಾಪುರ ಪೇಟೆಯಲ್ಲಿ ಊಟಕ್ಕೆ ಕೂತಾಗ ತಮ್ಮ ಎಲೆಯ ಮೀನನ್ನು ನನ್ನ ಎಲೆಗೆ ಹಾಕಿದರು. ಆಗಲೂ ಮುಖ ನೋಡಲಿಲ್ಲ.

ಅವರಿಗೆ ಒಂದು ನಿಯಮವಿತ್ತು. "ಹಿಂದ್ ಕಾಂಬುದ್ ನಿನ್ ಕೆಲ್ಸ, ಮುಂದ್ ಕಾಂಬುದ್ ನಂದ್." ಕನ್ನಡಿಯಲ್ಲಿ ಸಹ ಅವರು ಹಿಂದಿನ ವಾಹನ ನೋಡುತ್ತಿದ್ದರೇ ಹೊರತು ಜನರನ್ನಲ್ಲ. ಒಬ್ಬೊಬ್ಬರ ಮುಖ ನೋಡುತ್ತಾ ಹೋದರೆ ಯಾರೋ ಅವಸರದಲ್ಲಿದ್ದಾರೆ ಎಂದು ಕಾಣುತ್ತದೆ, ಯಾರೋ ಅಳುತ್ತಿದ್ದಾರೆ ಎಂದು ಕಾಣುತ್ತದೆ, ಆಮೇಲೆ ಬಸ್ಸು ಬಿಡಲು ಆಗುವುದಿಲ್ಲ ಎನ್ನುತ್ತಿದ್ದರು. ಆದರೆ ಕಿವಿ ಪೂರ್ತಿ ಹಿಂದೆಯೇ ಇರುತ್ತಿತ್ತು. ಇದು ನನಗೆ ತಿಳಿದದ್ದು ಕಂಡ್ಲೂರಿನಲ್ಲಿ. ಮೀನು ಮಾರುವ ಒಬ್ಬ ಅಜ್ಜಿ ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದಳು. ಬುಟ್ಟಿ ಇಳಿಸಿಕೊಟ್ಟೆ, ಅವಳೂ ಇಳಿದಳು ಎಂದುಕೊಂಡು ಎರಡು ಸಲ ಸೀಟಿ ಹಾಕಿ 'ರೈಟ್' ಎಂದೆ. ಬಸ್ಸು ಕದಲಲಿಲ್ಲ. ಮತ್ತೆ ಸೀಟಿ ಹಾಕಿದೆ.

"ರೈಟ್ ಅಲ್ಲ ಮರಾಯ," ಎಂದರು ಮುಂದಿನಿಂದ. "ಅಜ್ಜಿದ್ ಇನ್ನೊಂದ್ ಕಾಲ್ ಮೆಟ್ಲ್ ಮೇಲೇ ಇತ್ತ್."

ನೋಡಿದರೆ ಹೌದು. ಅವಳ ಸೀರೆಯ ಅಂಚು ಬಾಗಿಲಿನ ಮೊಳೆಗೆ ಸಿಕ್ಕಿಕೊಂಡು ಅವಳು ಒಂದು ಕಾಲಿನಲ್ಲಿ ನಿಂತಿದ್ದಳು. ಬಾಗಿಲಿನಲ್ಲೇ ನಿಂತಿದ್ದ ನನಗೆ ಅದು ಕಂಡಿರಲಿಲ್ಲ. ಹತ್ತು ಹದಿನೈದು ಸೀಟು ಮುಂದೆ ಬೆನ್ನು ಹಾಕಿ ಕೂತಿದ್ದವರಿಗೆ ಗೊತ್ತಾಗಿತ್ತು. ಹೇಗೆ ಎಂದು ಸಂಜೆ ಕೇಳಿದೆ. "ಇಳ್ದ್ರೆ ಬಸ್ ಒಂಚೂರ್ ಮೇಲ್ ಏಳತ್ತ್. ಏಳ್ಲಿಲ್ಲೆ," ಎಂದರು. ಅದಕ್ಕಿಂತ ಹೆಚ್ಚು ವಿವರಿಸುವುದು ಅವರ ಸ್ವಭಾವವಲ್ಲ.

ಅವರ ಕೈಗೆ ಸೈಕಲ್ ಬಂದದ್ದು ಕೆಲಸ ಬಿಟ್ಟ ಮೇಲೆ. ಕ್ಲಚ್ ತುಳಿದು ತುಳಿದು ಎಡಗಾಲಿನ ಮಂಡಿ ಸರಿಯಾಗಿ ಮಡಚುತ್ತಿರಲಿಲ್ಲ. ಸಕ್ಕರೆಯೂ ಇತ್ತು. ಕುಂದಾಪುರದ ಡಾಕ್ಟರು ದಿನಾ ನಡೆಯಿರಿ ಎಂದರು. ಇವರಿಗೆ ನಡೆಯುವುದೆಂದರೆ ಅವಮಾನ. "ಇಷ್ಟ್ ವರ್ಷ ಜನ ನನ್ ಬಸ್ಸಿಗ್ ಕೈ ಅಡ್ಡ ಹಿಡಿತಿದ್ರ್. ಈಗ ಅದೇ ರೋಡಂಗೆ ನಾನ್ ನಡ್ಕಂಡ್ ಹೋಪ್ದಾ?" ಎಂದು ಕೂತುಬಿಟ್ಟರು. ಅವರ ಹೆಂಡತಿಯ ತಮ್ಮ ಮುಂಬೈಯಲ್ಲಿ ಹೋಟೆಲ್ ನಡೆಸುವವನು. ಅವನು ಅಲ್ಲಿ ಯಾರೋ ಬಿಟ್ಟುಹೋದ ಒಂದು ಗೇರ್ ಸೈಕಲನ್ನು ಊರಿಗೆ ಬರುವ ಬಸ್ಸಿನ ಮೇಲೆ ಹಾಕಿ ಕಳಿಸಿದ. ಹಸಿರು ಬಣ್ಣ, ಸಣ್ಣ ಸೀಟು, ತಗ್ಗಿದ ಹ್ಯಾಂಡಲ್. ಅದನ್ನು ಇಳಿಸಿಕೊಂಡ ದಿನ ನಾನೂ ಇದ್ದೆ. ಹೊಸ ಬಸ್ಸು ನೋಡುವ ಹಾಗೆ ಮೊದಲು ಟಯರ್ ಒದ್ದು ನೋಡಿದರು.

ನಾನು ಆಗ ಬಸ್ಸಿನ ಕೆಲಸ ಬಿಟ್ಟು ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದೆ. ಭಾನುವಾರ ಬಿಡುವು. ನನ್ನ ಹತ್ತಿರ ಅಪ್ಪನ ಕಾಲದ ಕಪ್ಪು ಸೈಕಲ್ ಇತ್ತು. ಅವರು ಒಂದು ದಿನ ಫೋನ್ ಮಾಡಿ, "ಕಂಡಕ್ಟ್ರೆ, ಭಾನುವಾರ ಎಂತ ಮಾಡ್ತೆ? ಬಾ, ಒಂದ್ ಟ್ರಿಪ್ ಹೋಪ," ಎಂದರು.

ಟ್ರಿಪ್ ಎಂದೇ ಹೇಳುತ್ತಿದ್ದರು. ಸೈಕಲಿನಲ್ಲಿಯೂ ಅವರು ಬಸ್ಸನ್ನೇ ಬಿಡುತ್ತಿದ್ದರು. ಪ್ರತಿಯೊಂದು ಸ್ಟಾಪಿನಲ್ಲಿ ನಿಧಾನ ಮಾಡುತ್ತಿದ್ದರು, ಅಲ್ಲಿ ಯಾರಿರಲಿ ಇಲ್ಲದಿರಲಿ. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು, "ಹ್ವಾಯ್ ಡ್ರೈವ್ರೆ, ಸೀಟ್ ಇತ್ತಾ?" ಎಂದು ಕೂಗುತ್ತಿದ್ದರು. ಇವರು ಗಂಭೀರವಾಗಿ, "ಹಿಂದ್ ಕೇಣಿ, ಕಂಡಕ್ಟ್ರ್ ಬತ್ತಾ ಇದ್ದ," ಎಂದು ಹೇಳಿ ಹೋಗುತ್ತಿದ್ದರು. ನಾನು ಹಿಂದಿನಿಂದ ನಗುತ್ತಾ ಹೋಗುತ್ತಿದ್ದೆ. ಏರು ಬಂದರೆ ಒಂದು ಫರ್ಲಾಂಗ್ ಮೊದಲೇ ಗೇರ್ ಇಳಿಸುತ್ತಿದ್ದರು. ನಮ್ಮ ಊರಿನ ರಸ್ತೆ ಒಂದು ಗುಡ್ಡ ಇಳಿಯುವುದರೊಳಗೆ ಇನ್ನೊಂದು ಗುಡ್ಡ ಹತ್ತುತ್ತದೆ, ನಡುವೆ ಒಂದು ತುಂಡು ಗದ್ದೆ, ಒಂದು ಮೋರಿ. ಯಾವ ಇಳಿತದಲ್ಲಿ ಎಷ್ಟು ಬಿಟ್ಟರೆ ಮುಂದಿನ ಏರು ಎಷ್ಟು ಸುಲಭವಾಗುತ್ತದೆ ಎಂಬುದು ಅವರ ಕಾಲಿಗೆ ಗೊತ್ತಿತ್ತು. ನಾನು ಅವರ ಕಾಲು ನೋಡಿ ನನ್ನ ಕಾಲು ಹಾಕುತ್ತಿದ್ದೆ.

ಒಳ್ಳೆಯವರು ಎಂದಷ್ಟೇ ಬರೆದರೆ ಅದು ಸುಳ್ಳಾಗುತ್ತದೆ. ಮಹಾ ಮುಂಗೋಪಿ. ಬೈಕಿನವರು ಹಾರ್ನ್ ಹಾಕಿ ಮುಂದೆ ಹೋದರೆ ಅವರ ಮೂರು ತಲೆಮಾರು ನೆನಪಿಸಿಕೊಳ್ಳುತ್ತಿದ್ದರು. ಒಂದು ಸಲ ಕಂಡ್ಲೂರಿನ ಇಳಿತದಲ್ಲಿ ನನ್ನ ಬ್ರೇಕ್ ಸರಿಯಾಗಿ ಹಿಡಿಯದೆ ನಾನು ಅವರನ್ನು ದಾಟಿ ಮುಂದೆ ಹೋದೆ. ಮೋರಿಯ ಹತ್ತಿರ ನಿಂತು ಕಾದೆ. ಅವರು ಬಂದರು, ನನ್ನನ್ನು ನೋಡದೆ ಹೋದರು. ಎರಡು ಭಾನುವಾರ ಗೇಟಿನ ಹತ್ತಿರ ಬರಲೇ ಇಲ್ಲ. ಮೂರನೆಯ ವಾರ ಅವರ ಹೆಂಡತಿ ಹೊರಗೆ ಬಂದು, "ನೀ ಮುಂದ್ ಹೋದ್ಯಂಬ್ರಲೆ? ಒಳ್ಗ್ ಕೂತ್ಕಂಡ್ ಮಕ್ಳ್ ಕಣಂಗೆ ಹಟ ಮಾಡ್ತ್ರ್. ಒಂದ್ ಮಾತ್ ತಪ್ಪಾಯ್ತ್ ಅಂದ್ ಕರ್ಕಂಡ್ ಹೋಗ್ ಮರಾಯ," ಎಂದರು. ನಾನು ಅವರನ್ನು ಅತ್ತಿಗೆ ಎಂದೇ ಕರೆಯುವುದು. ಜಗಲಿಯಲ್ಲಿ ನಿಂತು ತಪ್ಪಾಯ್ತು ಅಣ್ಣ ಎಂದೆ. "ಬ್ರೇಕ್ ಸರಿ ಮಾಡ್ಸ್ದ್ಯಾ?" ಎಂದು ಮಾತ್ರ ಕೇಳಿದರು. ಅಂದಿನಿಂದ ನಾನಾಗಿ ಅವರಿಗಿಂತ ಮುಂದೆ ಹೋಗಲಿಲ್ಲ.

ದೂರ ಹೋಗುತ್ತಿದ್ದುದೂ ಇದೆ. ಬ್ರಹ್ಮಾವರಕ್ಕೆ ಒಮ್ಮೆ ಹೋಗಿ ಬಂದೆವು. ತೆಕ್ಕಟ್ಟೆಯ ಹತ್ತಿರ ಹೆದ್ದಾರಿ ಅಗಲ ಮಾಡಲು ಅಗೆದುಹಾಕಿದ್ದ ಮಣ್ಣಿನಲ್ಲಿ ಇಬ್ಬರೂ ಕೆಂಪಾಗಿದ್ದೆವು. ಇನ್ನೊಮ್ಮೆ ಸಮುದ್ರ ನೋಡಿ ಬರೋಣ ಎಂದು ಬೈಂದೂರಿನ ಕಡೆ ಕಿರಿಮಂಜೇಶ್ವರದವರೆಗೆ ಹೋದೆವು. ಅಷ್ಟು ತುಳಿದುಕೊಂಡು ಹೋಗಿ ಅವರು ಸಮುದ್ರದಂಡೆಯ ಹೊಯಿಗೆಗೆ ಕಾಲಿಡಲಿಲ್ಲ. ತೆಂಗಿನ ಮರದ ಬುಡದಲ್ಲಿ ಸೈಕಲ್ ಹಿಡಿದುಕೊಂಡೇ ನಿಂತು, "ಕಂಡಾಯ್ತಲೆ, ಹೋಪ," ಎಂದರು. ವಾಪಸ್ ಬರುವಾಗ ಮಾತ್ರ, ಅರ್ಧ ದಾರಿಯಲ್ಲಿ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಅಷ್ಟ್ ನೀರ್ ಒಂದೇ ಬದಿಗ್ ಇಟ್ಟಿದ್ದ ದೇವ್ರ್."

ಅವರಿಗೆ ಇಷ್ಟವಾದ ದಾರಿ ಕಾಲುವೆಯದ್ದೇ. ಏರಿಲ್ಲ, ಇಳಿತವಿಲ್ಲ, ಹಾರ್ನ್ ಇಲ್ಲ. ಜೀಪು ಹೋಗುವಷ್ಟು ಅಗಲದ ದಂಡೆ, ಒಂದು ಪಕ್ಕ ಗುಡ್ಡ ಕಡಿದ ಕೆಂಪು ಗೋಡೆ, ಇನ್ನೊಂದು ಪಕ್ಕ ನೀರಿಲ್ಲದ ಕಾಲುವೆ. ಕಾಮಗಾರಿ ಶುರುವಾದಾಗ ಹುಟ್ಟಿದವರಿಗೆ ಮಕ್ಕಳಾಗಿದ್ದವು. ನೀರು ಬರುತ್ತದೆ ಎಂದು ಯಾರೂ ನಂಬುತ್ತಿರಲಿಲ್ಲ. ಅವರ ಹೆಂಡತಿಯ ತವರಿನ ಗದ್ದೆ ಅದೇ ಕಾಲುವೆಯ ಕೆಳಗಿತ್ತು, ಮಳೆಗಾಲದ ಒಂದು ಬೆಳೆ ಬಿಟ್ಟರೆ ಖಾಲಿ. ನೀರಿನ ಮಾತು ಬಂದರೆ ತಮಾಷೆ ಮಾಡುತ್ತಿದ್ದರು. ಆದರೂ ಪ್ರತಿ ಭಾನುವಾರ ತೂಬಿನ ಹತ್ತಿರ ಇಳಿದು, ತುಕ್ಕು ಹಿಡಿದ ಅದರ ಚಕ್ರವನ್ನು ಒಮ್ಮೆ ತಿರುಗಿಸಲು ನೋಡುವರು. ಅದು ತಿರುಗುತ್ತಿರಲಿಲ್ಲ. ಅಷ್ಟು ಮಾಡಿ ಚಾ ಕುಡಿಯಲು ಬರುವರು.

ಆ ದಂಡೆಯ ಮೇಲೆ ಎಂಥ ಮೌನ ಎಂದರೆ ಅವರ ಸೈಕಲಿನ ಸದ್ದಿನಿಂದಲೇ ಅವರು ತುಳಿಯುತ್ತಿದ್ದಾರೋ ಸುಮ್ಮನೆ ಬಿಟ್ಟಿದ್ದಾರೋ ಎಂದು ನನಗೆ ತಿಳಿಯುತ್ತಿತ್ತು. ಅವರಿಗೂ ನನ್ನ ಚೈನಿನ ಸದ್ದು ಗೊತ್ತಿತ್ತು. ನಾನು ಒಂದು ಕ್ಷಣ ನಿಂತರೆ ಅವರೂ ನಿಲ್ಲುತ್ತಿದ್ದರು, ತಿರುಗದೆ. ಒಮ್ಮೆ ನನ್ನ ಚಪ್ಪಲಿ ಕಿತ್ತುಹೋಗಿ ನಿಂತಾಗ, ಐವತ್ತು ಮಾರು ಮುಂದೆ ಅವರು ಆಗಲೇ ಕಾಲು ಊರಿ ನಿಂತಿದ್ದರು. "ಎಂತ ಆಯ್ತ್?" ಎಂದು ಗುಡ್ಡದ ಕಡೆಗೆ ಮುಖ ಮಾಡಿ ಕೇಳಿದರು.

ನಾಯಿ ಎಲೆಯ ಮೇಲೆ ಮಲಗಿದ್ದ ಆ ಭಾನುವಾರದ ಮುಂದಿನ ವಾರ ನಿಜವಾಗಿಯೂ ನೀರು ಬಂತು.

ಬಿಟ್ಟು ಮೂರು ದಿನವಾಗಿತ್ತು. ಭಾನುವಾರ ಅವರು ಗೇಟಿನ ಹತ್ತಿರ ಕಾಯಲಿಲ್ಲ. ಅಂಪಾರಿನಲ್ಲಿರುವ ನಮ್ಮ ಮನೆಗೇ ಇಳಿದು ಬಂದಿದ್ದರು. ಬಿಳಿ ಅಂಗಿ ಹಾಕಿದ್ದರು. "ಇನ್ನೂ ಎದ್ದಿಲ್ಯಾ? ನೀರ್ ಖಾಲಿ ಆತ್ತ್, ಬಾ," ಎಂದು ಅಂಗಳದಿಂದಲೇ ಅವಸರ ಮಾಡಿದರು. ಬಸ್ಸು ತಡವಾದರೂ ಅವಸರ ಮಾಡಿದವರಲ್ಲ ಅವರು.

ದಂಡೆ ಹತ್ತಿದಾಗ ಇಬ್ಬರೂ ನಿಂತೆವು. ಕೆಂಪು ನೀರು, ಸೊಂಟದ ಮಟ್ಟಕ್ಕಿರಬಹುದು, ಅಷ್ಟು ವರ್ಷದ ಎಲೆಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿತ್ತು. ದಂಡೆಯ ಉದ್ದಕ್ಕೂ ಎಲೆ ಕಾಂಕ್ರೀಟಿಗೆ ಉಜ್ಜುವ ಸದ್ದು. ಅವರು ಬಹಳ ಹೊತ್ತು ನೋಡಿದರು.

"ಕಾಣ್ ಮರಾಯ," ಎಂದರು. "ನಮ್ ಒಟ್ಟಿಗೇ ಬತ್ತಾ ಇತ್ತ್."

ನಾವು ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅವರು ಬಲಗೈಯಿಂದ ಎಡಭುಜವನ್ನು ಒತ್ತಿಕೊಂಡದ್ದನ್ನು ನೋಡಿದೆ. ಎಂತ ಅಣ್ಣ ಎಂದೆ.

"ಎಂತ ಇಲ್ಲೆ. ರಾತ್ರಿ ಅಡ್ಡ ಮಲ್ಗಿದ್ದ್."

ಕಾಲುವೆ ತಿರುಗುವ ಜಾಗದಲ್ಲಿ ಅವರು ಸೈಕಲ್ ನಿಲ್ಲಿಸಿ ಪಕ್ಕಕ್ಕೆ ಸರಿದರು. "ಇವತ್ತ್ ನೀ ಮುಂದ್ ಹೋಗ್. ನೀ ಡ್ರೈವರ್, ನಾನ್ ಕಂಡಕ್ಟ್ರ್. ನೀರ್ ಕಾಂತಾ ನಿಧಾನಕ್ ಬತ್ತೆ."

"ಮತ್ತೆ ಎರ್ಡ್ ವಾರ ಒಳ್ಗ್ ಕೂಕಂತ್ರ್ಯಾ?"

ನಕ್ಕರು. ಅವರು ನಗುವಾಗ ಮುಖ ನೋಡಿದ್ದು ನನಗೆ ಅದೊಂದೇ ಸಲ ನೆನಪಿರುವುದು. "ಹೋಗ್ ಹೋಗ್," ಎಂದರು. ಆಮೇಲೆ ನಾನು ಅಷ್ಟು ವರ್ಷ ಬಸ್ಸಿನ ಹಿಂದಿನಿಂದ ಕೂಗಿದ ಹಾಗೆಯೇ ಕೂಗಿದರು: "ರೈಟ್!"

ನಾನು ಹೋದೆ. ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮುಂದೆ ಯಾರ ಬೆನ್ನೂ ಇಲ್ಲದ ಆ ದಂಡೆಯನ್ನು ನಾನು ನೋಡಿರಲೇ ಇಲ್ಲ. ಡ್ರೈವರ್ ಆದವನು ತಿರುಗಬಾರದು, ಕೇಳಿಸಿಕೊಳ್ಳಬೇಕು. ಕೇಳಿಸಿಕೊಂಡೆ. ಹಿಂದಿನಿಂದ ಸರಸರ ಎಂದು ಸದ್ದು ಬರುತ್ತಿತ್ತು, ಸೈಕಲಿನ ಮಡ್‌ಗಾರ್ಡಿಗೆ ಟಯರ್ ತಾಗಿದ ಹಾಗೆ. ನಾನು ನಿಧಾನ ಮಾಡಿದರೂ ಬರುತ್ತಿತ್ತು, ಜೋರು ಮಾಡಿದರೂ ಬರುತ್ತಿತ್ತು. ಅಣ್ಣ ಬರುತ್ತಿದ್ದಾರೆ ಎಂದುಕೊಂಡೆ. ಅವರ ಸೈಕಲ್ ಮುಂದಿದ್ದರೆ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಹಿಂದಿದ್ದರೆ ಹೇಗೆ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲಿಲ್ಲವಲ್ಲ.

ಅವರು ಮಾಡುತ್ತಿದ್ದ ಹಾಗೆ ನಾನೂ ಕೈ ಚಾಚಿ ಗುಂಡಿ ತೋರಿಸಿದೆ. "ಎಡದ್ ಬದಿ ಕಲ್ಲ್ ಇತ್ತ್ ಅಣ್ಣ, ಜಾಗ್ರತೆ," ಎಂದೆ. ಇನ್ನೊಂದು ಕಡೆ, "ಇಲ್ಲ್ ಕೆಸ್ರ್ ಕಾಣಿ," ಎಂದೆ. ಅತ್ತಿಗೆಯ ತವರಿನ ಗದ್ದೆ ಕಾಣುವ ಜಾಗದಲ್ಲಿ, "ಈ ಸಲ ಎರ್ಡ್ ಬೆಳೆ ತೆಗಿಲಕ್ಕಲೆ," ಎಂದೆ. ಉತ್ತರ ಬರಲಿಲ್ಲ. ಉತ್ತರ ಕೊಡುವ ಮನುಷ್ಯರಲ್ಲವಾದ್ದರಿಂದ ಅದೂ ಸಹಜವೆನಿಸಿತು.

ತೂಬಿನ ಹತ್ತಿರ ಇಳಿದು, ಸ್ಟ್ಯಾಂಡ್ ಹಾಕಿ, ತಿರುಗಿದೆ. ದಂಡೆ ಖಾಲಿ ಇತ್ತು. ಸದ್ದು ಮಾತ್ರ ಹಾಗೆಯೇ ಇತ್ತು. ಎಲೆ ಹೊತ್ತ ನೀರು ಕಾಂಕ್ರೀಟಿಗೆ ಉಜ್ಜಿಕೊಂಡು ಹೋಗುತ್ತಿತ್ತು.

ಆಗಲೇ ವಾಪಸ್ ಹೋಗಬೇಕಿತ್ತು. ನಾನು ಹೋಗಲಿಲ್ಲ. ನೀರು ನೋಡುತ್ತಾ ಎಲ್ಲೋ ನಿಂತಿದ್ದಾರೆ, ಹುಡುಕಿಕೊಂಡು ಹೋದರೆ ಬೈಯುತ್ತಾರೆ ಎಂದುಕೊಂಡೆ. ಎರಡು ಚಾ ಹೇಳಿದೆ. ಅಂಗಡಿಯವನು, "ನಿಮ್ ಡ್ರೈವ್ರ್ ಎಲ್ಲಿ? ಇವತ್ತ್ ನೀವೇ ಬಸ್ ತಂದದ್ದಾ?" ಎಂದು ನಗಾಡಿದ. ನಾನೂ ನಕ್ಕೆ. ನನ್ನ ಚಾ ಮುಗಿಯಿತು. ಅವರ ಚಾದ ಮೇಲೆ ಕೆನೆ ಕಟ್ಟಿತು. ಅಷ್ಟರಲ್ಲಿ ದಂಡೆಯ ಮೇಲೆ ಒಂದು ಬೈಕು ಬಂತು. ಅದರ ಮೇಲಿದ್ದವನು ನನ್ನನ್ನು ನೋಡಿದ ರೀತಿಯಲ್ಲೇ ಅರ್ಧ ತಿಳಿಯಿತು.

ತಿರುವಿನಿಂದ ಸ್ವಲ್ಪವೇ ಈಚೆ ಅವರು ಗುಡ್ಡದ ಗೋಡೆಗೆ ಒರಗಿ ಕೂತಿದ್ದರು. ಹುಲ್ಲು ಕೊಯ್ಯಲು ಬಂದಿದ್ದ ಹೆಂಗಸೊಬ್ಬಳು ಮೊದಲು ನೋಡಿದ್ದು. "ನೀರ್ ಕಾಂತಾ ಕೂತಿದ್ರ್ ಅಂದೇ ಮಾಡಿದ್ದೆ ನಾನ್. ಮಾತಾಡ್ಸ್ದೆ. ಕಣ್ಣ್ ನೀರಿನ್ ಬದಿಗೇ ಇತ್ತ್," ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಹಸಿರು ಸೈಕಲ್ ಪಕ್ಕದಲ್ಲಿ ನಿಂತಿತ್ತು. ಬಿದ್ದಿರಲಿಲ್ಲ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು.

ಕುಂದಾಪುರದ ಆಸ್ಪತ್ರೆಯಲ್ಲಿ ಹೃದಯ ಎಂದರು. ಎಷ್ಟು ಹೊತ್ತಿಗೆ ಜೀವ ಹೋಯಿತು ಎಂದು ಹೇಳಲು ಆಗುವುದಿಲ್ಲ ಎಂದರು. ಸ್ಟ್ಯಾಂಡ್ ಹಾಕುವಷ್ಟು ಸಮಯ ಸಿಕ್ಕಿತ್ತು ಎಂಬುದು ಮಾತ್ರ ನನಗೆ ಗೊತ್ತು. ಆ ಸ್ಟ್ಯಾಂಡ್ ಗಟ್ಟಿ. ಸೀಟು ಹಿಡಿದುಕೊಂಡು ಕಾಲಿನಲ್ಲಿ ಒತ್ತಬೇಕು.

ಉತ್ತರಕ್ರಿಯೆಯ ಬೊಜ್ಜ ಎಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಸಂಜೆ ಅತ್ತಿಗೆ ನನ್ನನ್ನು ಜಗಲಿಯಲ್ಲಿ ಕೂರಿಸಿದರು. ಅಷ್ಟು ದಿನ ಕೇಳದೆ ಇದ್ದದ್ದನ್ನು ಕೇಳಿದರು.

"ನೀ ಮುಂದ್ ಇದ್ದೆ ಅಂಬ್ರ್. ಅವ್ರ್ ನಿನ್ನ್ ಕರಿಲಿಲ್ಯಾ?"

"ಇಲ್ಲ ಅತ್ತಿಗೆ," ಎಂದೆ.

"ಒಂದ್ ಸಲವೂ?"

"ಇಲ್ಲ. ಕರ್ದಿದ್ರೆ ಕೇಂತಿತ್ತ್. ನಾನ್ ಹತ್ರವೇ ಇದ್ದಿದ್ದೆ."

ಅವರು ಸೆರಗಿನ ತುದಿ ಕೈಗೆ ತೆಗೆದುಕೊಂಡರು. ಆಮೇಲೆ, "ಹಾಂಗಾರೆ ಅವ್ರಿಗ್ ಗೊತ್ತೇ ಆಯಿಲ್ಲೆ. ನೋವ್ ಇದ್ದಿರೆ ಕರಿತಿದ್ರ್. ನಿನ್ನ್ ಕರಿದೆ ಮತ್ತ್ ಯಾರನ್ ಕರಿತ್ರ್," ಎಂದು ಕಣ್ಣೊರೆಸಿಕೊಂಡರು. ಅವರ ಮುಖ ಹಗುರಾದದ್ದನ್ನು ನಾನು ನೋಡಿದೆ. ಅನ್ನ ಹಾಕಿದರು. ಉಂಡು ಬಂದೆ. ಈಗಲೂ ಊರಿನವರು ಯಾರಾದರೂ ಬಂದರೆ ಅವರು ಅದನ್ನೇ ಹೇಳುತ್ತಾರಂತೆ. ಕಂಡಕ್ಟ್ರು ಹತ್ತಿರವೇ ಇದ್ದ, ಕರೆಯಲಿಲ್ಲ, ನೋವು ತಿನ್ನದೆ ಹೋದರು ಎಂದು.

ನಾನು ಹತ್ತಿರವಿರಲಿಲ್ಲ. ತಿರುವಿನಿಂದ ತೂಬಿಗೆ ಸೈಕಲಿನಲ್ಲಿ ಹದಿನೈದು ನಿಮಿಷ ಬೇಕು. ಆ ದಾರಿಯಲ್ಲಿ ನಾನು ಈಗಲೂ ಹೋಗುತ್ತೇನೆ. ತುಳಿಯುತ್ತಾ ನೂರು ಮಾರಿಗೊಮ್ಮೆ ತಿರುಗುತ್ತೇನೆ. ಒಂದೆರಡು ಸಲ ದಂಡೆಯಿಂದ ಜಾರಿ ಬಿದ್ದದ್ದೂ ಇದೆ. ಮಳೆಗಾಲದ ಮೊದಲು ನೀರು ನಿಲ್ಲಿಸುತ್ತಾರೆ. ಆಗ ಕಾಲುವೆ ಮೊದಲಿನ ಹಾಗೆ ಮೌನವಾಗುತ್ತದೆ. ಒಂದು ವರ್ಷ ಹಾಗೆ ಮೌನವಾಗಿದ್ದಾಗ ನನ್ನ ಒಡಹುಟ್ಟಿದ ಅಣ್ಣನ ಮಗನನ್ನು ಆ ತಿರುವಿನಲ್ಲಿ ನಿಲ್ಲಿಸಿ ಕರೆಯಲು ಹೇಳಿ, ನಾನು ಮುಂದೆ ಹೋದೆ. ಅವನು ಕರೆದದ್ದು ಬಹಳ ದೂರದವರೆಗೆ ಕೇಳಿಸಿತು. ನೀರು ಬಿಟ್ಟ ಮೇಲೆ ಇನ್ನೊಂದು ಭಾನುವಾರ ಅದೇ ಜಾಗದಲ್ಲಿ ಅವನನ್ನು ನಿಲ್ಲಿಸಿದೆ. ಗಂಟಲು ಹರಿಯುವ ಹಾಗೆ ಕೂಗಿದೆ ಎಂದು ಅವನು ಆಮೇಲೆ ಹೇಳಿದ. ನನಗೆ ಏನೂ ಕೇಳಿಸಿರಲಿಲ್ಲ.

ಇದನ್ನು ಅತ್ತಿಗೆಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಅವರು ನನ್ನನ್ನು ಕರೆದರೋ ಇಲ್ಲವೋ, ನನಗೆ ಗೊತ್ತಿಲ್ಲ.